ಸನಾದಿಯ ಉಸಿರು: ರೂಪಾಂತರ ಮತ್ತು ಮೂಲನಿಷ್ಠೆಯ ಪ್ರಶ್ನೆ

ಕಾದಂಬರಿಯೊಂದು ಚಲನಚಿತ್ರವಾದಾಗ ನಮ್ಮ ವಿಮರ್ಶೆ ಕೇಳುವ ಮೊದಲ ಪ್ರಶ್ನೆ, ಹಲವೊಮ್ಮೆ ಕೊನೆಯ ಪ್ರಶ್ನೆಯೂ, ಅದು ಮೂಲಕ್ಕೆ ನಿಷ್ಠವಾಗಿದೆಯೇ ಎಂಬುದು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಂದಾಗಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ರೂಪಿಸಿದ 'ನಾಗರಹಾವು' ಚಿತ್ರವನ್ನು ಮೂಲ ಲೇಖಕರೇ ಒಪ್ಪಲಿಲ್ಲವೆಂಬ ಸಂಗತಿ ಇಂದಿಗೂ ಈ ಚರ್ಚೆಯ ಮುಖ್ಯ ಸಾಕ್ಷ್ಯವಾಗಿದೆ. ಲೇಖಕರ ಅಸಮಾಧಾನಕ್ಕೆ ಬೆಲೆಯಿದೆ. ಆದರೆ ಬಾಗಲಕೋಟೆ ಜಿಲ್ಲೆಯ ಸಾಹಿತ್ಯವನ್ನು ಅಭ್ಯಾಸ ಮಾಡುವವರಿಗೆ ಈ ಅಳತೆಗೋಲು ಸಾಲದು.

ಮುಧೋಳದ ರನ್ನ 'ಗದಾಯುದ್ಧ'ದಲ್ಲಿ ಮಾಡಿದ್ದೇನು? ಪಂಪ ಅರ್ಜುನನಿಗೆ ಕೊಟ್ಟ ನಾಯಕಸ್ಥಾನವನ್ನು ಭೀಮನಿಗೆ ವರ್ಗಾಯಿಸಿ, ಅವನನ್ನು ತನ್ನ ಆಶ್ರಯದಾತ ಸತ್ಯಾಶ್ರಯನೊಡನೆ ಸಮೀಕರಿಸಿದ. ಓದುಗರ ಮರುಕವನ್ನೆಲ್ಲ ದುರ್ಯೋಧನನ ಪಾಲಿಗೆ ಬಿಟ್ಟ. ಇದನ್ನು ಮೂಲದ್ರೋಹವೆಂದು ಯಾರೂ ಬಗೆದಿಲ್ಲ, ಪ್ರತಿಭೆಯೆಂದೇ ಪಾಠ ಮಾಡುತ್ತೇವೆ. ಹುನಗುಂದ ಸೀಮೆಯ ಕಂದಗಲ್ಲ ಹನುಮಂತರಾಯರು ಅಶ್ವತ್ಥಾಮನ ರಾತ್ರಿಯನ್ನು 'ರಕ್ತರಾತ್ರಿ'ಯಾಗಿಸಿದಾಗಲೂ ಹಳ್ಳಿಯ ಹವ್ಯಾಸಿ ನಟರು ಅವರ ಪ್ರಾಸಭರಿತ ಮಾತನ್ನು ಬಾಯಿಪಾಠ ಮಾಡಿದರೇ ಹೊರತು ವ್ಯಾಸರಿಗೆ ಅನ್ಯಾಯವಾಯಿತೆಂದು ಕೊರಗಲಿಲ್ಲ. ಪಾತ್ರಗಳನ್ನು ತಿದ್ದುವುದು ಈ ನೆಲಕ್ಕೆ ಹೊಸದಲ್ಲ. ಹಾಗಾದರೆ ಸಿನಿಮಾದ ಮೇಲೆ ಮಾತ್ರ ಆ ದೂರು ಏಕೆ? ದೂರು ಇರಬೇಕು, ಆದರೆ ಬೇರೆಯ ದೂರು ಎಂಬುದು ನನ್ನ ಅಭಿಪ್ರಾಯ.

ಅದಕ್ಕೆ ಹತ್ತಿರದ ನಿದರ್ಶನ ಕೃಷ್ಣಮೂರ್ತಿ ಪುರಾಣಿಕರು. ಬೀಳಗಿಯಲ್ಲಿ ಹುಟ್ಟಿ, ಗೋಕಾಕದಲ್ಲಿ ಶಿಕ್ಷಕರಾಗಿದ್ದ ಪುರಾಣಿಕರ 'ಧರ್ಮದೇವತೆ' 1962ರಲ್ಲಿ 'ಕರುಣೆಯೇ ಕುಟುಂಬದ ಕಣ್ಣು' ಎಂಬ ಚಿತ್ರವಾಯಿತು. ಕಾದಂಬರಿಯಾಧಾರಿತ ಕನ್ನಡ ಚಿತ್ರಗಳಲ್ಲಿ ಇದನ್ನು ಮೊದಲನೆಯದೆಂದು ಸಾಮಾನ್ಯವಾಗಿ ಎಣಿಸಲಾಗುತ್ತದೆ. ಮರುವರ್ಷ 'ಕುಲವಧು' ಬಂದಿತು. ಇಂದು 'ಕುಲವಧು' ಎಂದೊಡನೆ ಜನರಿಗೆ ನೆನಪಾಗುವುದು ಎಸ್. ಜಾನಕಿಯವರ ಕಂಠದಲ್ಲಿ ಬೇಂದ್ರೆಯವರ ಯುಗಾದಿಯ ಕವಿತೆ. ಧಾರವಾಡದ ಕವಿ ಉಳಿದರು, ಬೀಳಗಿಯ ಕಾದಂಬರಿಕಾರ ಮರೆಯಾದರು. ಬೇಂದ್ರೆ ಮನೆಮನೆಗೆ ತಲುಪಿದ್ದು ಸಂತೋಷವೇ, ಬಿಡಿ. ಅಂದು ಬಹುಮಟ್ಟಿಗೆ ಮದ್ರಾಸಿನ ಸ್ಟುಡಿಯೋಗಳಲ್ಲಿ ರೂಪುಗೊಳ್ಳುತ್ತಿದ್ದ ಕನ್ನಡ ಚಿತ್ರಕ್ಕೆ ಕಥೆಯ ಚೌಕಟ್ಟು ಬೇಕಾಗಿತ್ತು, ಕಥೆ ಹುಟ್ಟಿದ ಸೀಮೆಯಲ್ಲ. ಪಾತ್ರಗಳ ಬಾಯಲ್ಲಿ ಮೈಸೂರು ಕಡೆಯ ಮಾತು ಬಂದು ಕುಳಿತಿತು.

ಇದು ತೀರ ಸೂಕ್ಷ್ಮವಾಗಿ ಕಾಣುವುದು 1977ರ 'ಸನಾದಿ ಅಪ್ಪಣ್ಣ'ದಲ್ಲಿ. ಪುರಾಣಿಕರ ಕೃತಿಯನ್ನಾಧರಿಸಿ ವಿಜಯ್ ನಿರ್ದೇಶಿಸಿದ ಈ ಚಿತ್ರದಲ್ಲಿ ಅಪ್ಪಣ್ಣನಾಗಿ ರಾಜಕುಮಾರ್ ನಟಿಸಿದರು, ಅವರ ತುಟಿಯ ಹಿಂದಿನ ನಾದ ಉಸ್ತಾದ್ ಬಿಸ್ಮಿಲ್ಲಾ ಖಾನರದು. 'ಸನಾದಿ' ಎಂಬ ಪದವೇ ಉತ್ತರ ಕರ್ನಾಟಕದ್ದು. ಇಲ್ಲಿ ಅದು ಭಜಂತ್ರಿ ಮನೆತನಗಳ ವೃತ್ತಿ. ಸುರಿಗೆ ನೀರಿಗೆ, ಅಕ್ಕಿಕಾಳಿಗೆ, ಪಲ್ಲಕ್ಕಿಗೆ, ತೇರಿಗೆ ಸನಾದಿ ಊದಬೇಕು. ಅದು ಬಯಲಿನಲ್ಲಿ, ಗದ್ದಲದ ನಡುವೆ, ನಡೆಯುತ್ತಲೇ ನುಡಿಸುವ ವಾದ್ಯ. ಊದುವವನು ಹಂದರದ ಅಂಚಿನಲ್ಲಿ ಕುಳಿತಿರುತ್ತಾನೆ, ಕಾರ್ಯ ಮುಗಿದ ಮೇಲೆ ಅವನತ್ತ ನೋಡುವವರು ಕಡಿಮೆ. ಖಾನರ ಷಹನಾಯಿ ಬನಾರಸಿನ ರಾಗಸಂಗೀತದ ಕಛೇರಿಯಲ್ಲಿ ಬೆಳೆದದ್ದು, ಅದನ್ನು ಕೇಳುವವರು ಎದುರಿಗೆ ಮೌನವಾಗಿ ಕುಳಿತಿರುತ್ತಾರೆ. ಅಪ್ಪಣ್ಣನ ಹೆಸರು ಉಳಿದು ಉಸಿರು ಬದಲಾಯಿತು. ಇದರಿಂದ ಹಳ್ಳಿಯ ವಾದ್ಯಗಾರನಿಗೆ ಹಿಂದೆಂದೂ ದೊರೆಯದ ಘನತೆ ದೊರೆಯಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಅವನದೇ ಊದಿಕೆಗೆ ಆ ಘನತೆ ಸಲ್ಲಲಿಲ್ಲ. ಅವನು ಬನಾರಸಿನವನಂತೆ ನುಡಿಸಿದಾಗ ಮಾತ್ರ ಕಲಾವಿದನೆನಿಸಿಕೊಂಡ.

ರನ್ನನ ರೂಪಾಂತರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ರನ್ನ, ಕಂದಗಲ್ಲರು ದೂರದ ಕುರುಕ್ಷೇತ್ರವನ್ನು ತಮ್ಮ ಕೇಳುಗರ ಬಳಿಗೆ ತಂದರು. ಚಿತ್ರ ಹತ್ತಿರದ ಅಪ್ಪಣ್ಣನನ್ನು ದೂರಕ್ಕೆ ಒಯ್ದಿತು. ಆದ್ದರಿಂದ ಕಥೆಯಲ್ಲಿ ಏನು ಬದಲಾಯಿತು ಎಂಬುದಕ್ಕಿಂತ ಯಾರ ದನಿ ಯಾರ ಬಾಯಿಗೆ ಬಂದಿತು ಎಂದು ನಾವು ಕೇಳಬೇಕಾಗಿದೆ. ಹಾಗೆ ಕೇಳಲು ಪುರಾಣಿಕರ ಪುಸ್ತಕಗಳನ್ನು ತೆರೆಯಬೇಕು. 'ಜನಪ್ರಿಯ' ಎಂಬ ಹಣೆಪಟ್ಟಿ ಹಚ್ಚಿ ಅವುಗಳನ್ನು ಬದಿಗಿರಿಸಿದ ವಿಮರ್ಶೆಯೂ, ಕಥೆಯನ್ನಷ್ಟೇ ಎತ್ತಿಕೊಂಡ ಚಿತ್ರೋದ್ಯಮವೂ ಒಂದು ವಿಷಯದಲ್ಲಿ ಒಮ್ಮತ ಹೊಂದಿದ್ದವು: ಇಬ್ಬರಿಗೂ ಅವರ ಗದ್ಯ ಬೇಕಾಗಿರಲಿಲ್ಲ.

ಇನ್ನೊಂದು ಕೆಲಸ ಕ್ಷೇತ್ರಕಾರ್ಯದ್ದು. ಹುನಗುಂದ, ಇಳಕಲ್ಲು, ಬಾದಾಮಿ ಕಡೆಯ ಹಿರಿಯ ಸನಾದಿ ವಾದಕರಿಗೆ ಆ ಚಿತ್ರದ ಷಹನಾಯಿಯನ್ನು ಕೇಳಿಸಿ, ಅದರಲ್ಲಿ ತಮ್ಮದೆಷ್ಟು, ಹೊರಗಿನದೆಷ್ಟು ಎಂಬುದನ್ನು ಅವರಿಂದಲೇ ಹೇಳಿಸಿ ದಾಖಲಿಸಬಹುದು. ಬನದ ಹುಣ್ಣಿಮೆಯ ನಂತರದ ದಿನಗಳು ಇದಕ್ಕೆ ತಕ್ಕವು. ಬನಶಂಕರಿ ಜಾತ್ರೆಗೆ ಬಂದ ನಾಟಕ ಕಂಪನಿಗಳು ಆಗ ಅಲ್ಲಿಯೇ ಬೀಡುಬಿಟ್ಟಿರುತ್ತವೆ, ಊದುವವರೂ ಆಡುವವರೂ ಒಂದೇ ಬಯಲಿನಲ್ಲಿ ಸಿಗುತ್ತಾರೆ.