ಸೋಡಿಯಂ ದಾನಶೂರ ಕರ್ಣನೆ?

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಪರಮಾಣುವಿನ ಮಾತೇಕೆ ಎಂದು ಮಿತ್ರರು ಹುಬ್ಬೇರಿಸಬಹುದು. ಕಾವ್ಯವನ್ನೋ ಇತಿಹಾಸವನ್ನೋ ಕುರಿತು ಬರೆಯಬೇಕಾದವನು ಪರರ ಹೊಲಕ್ಕೆ ನುಗ್ಗಿದ್ದಾನೆ ಎಂದು ಆಕ್ಷೇಪಿಸಲೂಬಹುದು. ಆದರೆ ನಮ್ಮಲ್ಲಿ ಬಹುಮಂದಿ ಹತ್ತನೆಯ ತರಗತಿಯವರೆಗೆ ರಸಾಯನಶಾಸ್ತ್ರವನ್ನು ಓದಿ, ಅಲ್ಲಿಗೆ ಅದಕ್ಕೊಂದು ದೊಡ್ಡ ನಮಸ್ಕಾರ ಹಾಕಿ ಬಂದವರು. ಹಾಗೆ ನಮಸ್ಕಾರ ಹಾಕಿಸಿದ್ದು ಯಾವುದು ಎಂದು ವಿಚಾರಿಸುವ ಹಕ್ಕು ನಮಗಿಲ್ಲವೆ?

ಆ ಪಾಠ ಎಲ್ಲರಿಗೂ ನೆನಪಿರಬೇಕು. ಸೋಡಿಯಂ ಪರಮಾಣುವಿನ ನಡುವೆ 11 ಪ್ರೋಟಾನುಗಳು, ಸುತ್ತಲೂ 11 ಎಲೆಕ್ಟ್ರಾನುಗಳು. ಕವಚಗಳಲ್ಲಿ ಅವುಗಳ ಹಂಚಿಕೆ 2, 8, 1. ಕ್ಲೋರಿನ್ನಿಗೆ 17, ಹಂಚಿಕೆ 2, 8, 7. ಹೊರಕವಚದಲ್ಲಿ ಎಂಟು ತುಂಬಿದರೆ ಪರಮಾಣುವಿಗೆ ನೆಮ್ಮದಿ. ಆದ್ದರಿಂದ ಸೋಡಿಯಂ ತನ್ನ ಒಂದು ಎಲೆಕ್ಟ್ರಾನನ್ನು ದಾನಮಾಡಿ ಧನ ಅಯಾನು ಆಗುತ್ತದೆ. ಕ್ಲೋರಿನ್ ಅದನ್ನು ಪಡೆದು ಋಣ ಅಯಾನು ಆಗುತ್ತದೆ. ದಾನ ಪಡೆದವನಿಗೆ ಋಣ ಅಂಟುವುದು ಸಹಜವೇ ಎಂದುಕೊಂಡು ನಾವೂ ಬಾಯಿಪಾಠ ಮಾಡಿದೆವು. ಎಲೆಕ್ಟ್ರಾನಿನ ವಿದ್ಯುದಂಶವೇ ಋಣವಾದುದರಿಂದ, ಅದು ಬಂದಲ್ಲಿ ಋಣ ಹೆಚ್ಚುತ್ತದೆ, ಹೋದಲ್ಲಿ ಪ್ರೋಟಾನುಗಳ ಧನ ಮಿಗುತ್ತದೆ ಎಂಬ ಸರಳ ಲೆಕ್ಕ ಎಷ್ಟು ಮಂದಿಯ ಮನಸ್ಸಿಗೆ ಇಳಿಯಿತು?

ಇರಲಿ. ಸೋಡಿಯಂ ಏಕೆ ದಾನ ಮಾಡುತ್ತದೆ? ಅದಕ್ಕೆ ನಿಯಾನಿನಂತಾಗುವ ಆಸೆ, ಎಂಬುದು ರೂಢಿಯ ಉತ್ತರ. ಜಡವಸ್ತುವಿಗೂ ಆಸೆಯುಂಟೆ? ಸೋಡಿಯಂ ಏನು ಕವಚಕುಂಡಲಗಳನ್ನು ಕಳಚಿಕೊಟ್ಟ ಕರ್ಣನೆ? ನಿಜ ಬೇರೆಯೇ ಇದೆ. 23 ಗ್ರಾಂ ಸೋಡಿಯಂ ಆವಿಯಲ್ಲಿರುವ ಪರಮಾಣುಗಳಿಂದ ತಲಾ ಒಂದು ಎಲೆಕ್ಟ್ರಾನನ್ನು ಕೀಳಲು ಸುಮಾರು 496 ಕಿಲೋಜೂಲ್ ಶಕ್ತಿ ವೆಚ್ಚವಾಗುತ್ತದೆ. ಒಂದೂವರೆ ಲೀಟರ್ ತಣ್ಣೀರನ್ನು ಕುದಿಯುವ ಬಿಸಿಗೆ ತರಲು ಹೆಚ್ಚುಕಡಿಮೆ ಅಷ್ಟೇ ಶಕ್ತಿ ಬೇಕು. ಸೋಡಿಯಂ ಸಂತೋಷದಿಂದ ಕೊಡುವುದಿಲ್ಲ, ಅದರಿಂದ ಕಿತ್ತುಕೊಳ್ಳಬೇಕು. ಅಷ್ಟೇ ಸಂಖ್ಯೆಯ ಕ್ಲೋರಿನ್ ಪರಮಾಣುಗಳು ಆ ಎಲೆಕ್ಟ್ರಾನುಗಳನ್ನು ಪಡೆದಾಗ ಹಿಂದಿರುಗುವುದು ಸುಮಾರು 349 ಕಿಲೋಜೂಲ್. ಎಂದರೆ ಈ ವ್ಯಾಪಾರದಲ್ಲಿ ಇನ್ನೂ 147 ನಷ್ಟ!

ನಷ್ಟವನ್ನು ತುಂಬುವವರು ಯಾರು? ಧನವೂ ಋಣವೂ ಪರಸ್ಪರ ಸೆಳೆಯುತ್ತವೆ. ಈ ಅಯಾನುಗಳು ಒಂದೆಡೆ ಸೇರಿ ಉಪ್ಪಿನ ಹರಳಾಗಿ ಜೋಡಣೆಗೊಂಡಾಗ ಸುಮಾರು 787 ಕಿಲೋಜೂಲ್ ಹೊರಬರುತ್ತದೆ. ಅಲ್ಲಿ ಪ್ರತಿ ಸೋಡಿಯಮಿನ ಸುತ್ತ ಆರು ಕ್ಲೋರೈಡ್, ಪ್ರತಿ ಕ್ಲೋರೈಡಿನ ಸುತ್ತ ಆರು ಸೋಡಿಯಂ. ಇಂಥದಕ್ಕೆ ಇಂಥದೇ ಜೋಡಿ ಎಂಬುದಿಲ್ಲ. ಹರಳನ್ನು ಕಟ್ಟಿದ್ದು ಒಬ್ಬನ ದಾನವಲ್ಲ, ಇಡೀ ಸಮುದಾಯದ ಸೆಳೆತ.

ಹಾಗಾದರೆ ಎಂಟರ ನಿಯಮ ಸುಳ್ಳೆ? ಅಲ್ಲ. ಸೋಡಿಯಮಿನಿಂದ ಎರಡನೆಯ ಎಲೆಕ್ಟ್ರಾನನ್ನು ಕೀಳಹೋದರೆ ಮೊದಲಿನದಕ್ಕಿಂತ ಒಂಬತ್ತು ಪಟ್ಟು ಶಕ್ತಿ ಬೇಕು; ಅದು ಒಳಕವಚದ್ದು, ಬಿಗಿಯಾಗಿ ಹಿಡಿದದ್ದು. ಆದ್ದರಿಂದ ವ್ಯವಹಾರ ಒಂದಕ್ಕೇ ನಿಲ್ಲುತ್ತದೆ. ಎಂಟು ಎಂಬುದು ಲೆಕ್ಕದ ಫಲ, ಲೆಕ್ಕಕ್ಕೆ ಕಾರಣವಲ್ಲ. ಶಾಲೆಯಲ್ಲಿ ಫಲವನ್ನೇ ಕಾರಣವೆಂದು ಹೇಳುವುದು ನನ್ನ ಮೊದಲ ತಕರಾರು.

ಎರಡನೆಯ ತಕರಾರು, ಈ ಪಾಠ ನಮ್ಮ ಬದುಕಿನ ಹೊಸ್ತಿಲನ್ನು ದಾಟಿ ಒಳಗೆ ಬರುವುದೇ ಇಲ್ಲ. ನನ್ನ ತಂದೆ ಅಕ್ಷರ ಬಲ್ಲವರಲ್ಲ. ಅಡಿಕೆಗೆ ಕೊಳೆರೋಗ ತಗಲದಂತೆ ಮರಹತ್ತಿ ಔಷಧಿ ಹೊಡೆಯುವುದು ಅವರ ಕೆಲಸ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಹದ ನೋಡಲು ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ಅದರಲ್ಲಿ ಅದ್ದುತ್ತಾರೆ. ಕತ್ತಿಯ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ಆ ಕೆಂಪು ಏನು? ಕಬ್ಬಿಣದಿಂದ ಎಲೆಕ್ಟ್ರಾನುಗಳನ್ನು ಪಡೆದ ತಾಮ್ರದ ಅಯಾನು ಮತ್ತೆ ಲೋಹವಾಗಿ ಕತ್ತಿಗೆ ಅಂಟಿದೆ. ಕಬ್ಬಿಣ ತಾನು ಅಯಾನು ಆಗಿ ನೀರಿಗೆ ಇಳಿದಿದೆ. ಸುಣ್ಣ ಸಾಕಷ್ಟಿದ್ದರೆ ತಾಮ್ರ ಅದರೊಡನೆ ಬಂಧಿತವಾಗಿರುತ್ತದೆ, ಕತ್ತಿ ಬಿಳಿಯಾಗಿಯೇ ಉಳಿಯುತ್ತದೆ. ಹಾಗೆ ನೀರಿಗಿಳಿದ ಕಬ್ಬಿಣದ ಅಯಾನಿನ ಹಂಚಿಕೆ 2, 8, 14. ಎಲ್ಲಿ ಹೋಯಿತು ಎಂಟು? ಇಂಥ ಪ್ರಯೋಗ ತೋಟತೋಟದಲ್ಲಿ ನಡೆಯುತ್ತಿರುವಾಗ ಶಾಲೆಯ ಹುಡುಗ ಕಪ್ಪುಹಲಗೆಯ ವೃತ್ತಗಳನ್ನು ನಕಲುಮಾಡುತ್ತ ಕುಳಿತಿರುತ್ತಾನೆ.

ಮೂರನೆಯದು, ಈ ಜ್ಞಾನ ಹೇಗೆ ಬಂತೆಂಬುದನ್ನು ನಾವು ಕೇಳಲಿಲ್ಲ. ವಿದ್ಯುತ್ತು ಹರಿಯುವಾಗ ದ್ರಾವಣದಲ್ಲಿ ಸಂಚರಿಸುವುದಕ್ಕೆ ಫ್ಯಾರಡೆ 1834ರಲ್ಲಿ ಅಯಾನು ಎಂದು ಹೆಸರಿಟ್ಟ. ಗ್ರೀಕಿನಲ್ಲಿ ಅದಕ್ಕೆ ಹೋಗುವುದು ಎಂದರ್ಥ. ವಿದ್ಯುತ್ತು ಹರಿಸದಿದ್ದರೂ ನೀರಿನಲ್ಲಿ ಕರಗಿದ ಉಪ್ಪು ಅಯಾನುಗಳಾಗಿಯೇ ಇರುತ್ತದೆ ಎಂದು ಸ್ವೀಡನ್ನಿನ ಅರೇನಿಯಸ್ ವಾದಿಸಿದ. 1884ರ ಅವನ ಪ್ರಬಂಧಕ್ಕೆ ಪರೀಕ್ಷಕರು ಕೊಟ್ಟದ್ದು ಕೀಳು ದರ್ಜೆ. 1903ರಲ್ಲಿ ಅದೇ ವಿಚಾರಕ್ಕೆ ನೊಬೆಲ್ ಬಹುಮಾನ! ಎಲೆಕ್ಟ್ರಾನನ್ನು ಥಾಮ್ಸನ್ ಕಂಡದ್ದು 1897ರಲ್ಲಿ. ಹರಳಿನ ರಚನೆಯನ್ನು ಬ್ರಾಗ್ ತಂದೆಮಕ್ಕಳು 1913ರ ಸುಮಾರಿಗೆ ಕ್ಷಕಿರಣಗಳಿಂದ ತೋರಿಸಿಕೊಟ್ಟರು. ಆದರೂ 1927ರಲ್ಲಿ ಹಿರಿಯ ರಸಾಯನಜ್ಞ ಆರ್ಮ್‌ಸ್ಟ್ರಾಂಗ್ ಅದನ್ನು ಒಪ್ಪದೆ ಪ್ರತಿಭಟಿಸಿದ. ಪಂಡಿತರೇ ಹೀಗೆ ಸಂಶಯಪಟ್ಟು ಜಗಳವಾಡಿದ ವಿಷಯದಲ್ಲಿ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಏಕೆ ಎಂದರೆ ಅದು ಅಧಿಕಪ್ರಸಂಗವೆ?

ಎಳೆಯರಿಗೆ ಇಷ್ಟೆಲ್ಲ ಅರ್ಥವಾಗದು ಎನ್ನುವವರಿದ್ದಾರೆ. ಅಂಕಿಗಳು ಬೇಡ, ಒಪ್ಪಿದೆ. ಆದರೆ ಸಂತೆಯಲ್ಲಿ ಸೊಪ್ಪು ಮಾರಿದ ಮಗುವಿಗೆ ವೆಚ್ಚವೆಷ್ಟು, ಗಿಟ್ಟಿದ್ದೆಷ್ಟು ಎಂಬುದು ತಿಳಿಯದೆ? ಕೀಳಲು ಶಕ್ತಿ ಬೇಕು, ಕೂಡಿದರೆ ಶಕ್ತಿ ಬರುತ್ತದೆ, ಬಂದದ್ದು ಹೆಚ್ಚು: ಮೂರೇ ಮಾತು. ಉಪಾಧ್ಯಾಯರನ್ನು ದೂರುವುದು ನನ್ನ ಉದ್ದೇಶವಲ್ಲ. ಪರೀಕ್ಷೆ ಕೇಳುವುದು ಚಿತ್ರವನ್ನಾದರೆ ಅವರು ಚಿತ್ರವನ್ನೇ ಬರೆಸುತ್ತಾರೆ. ಪ್ರಶ್ನೆಪತ್ರಿಕೆಯಲ್ಲಿ ಏಕೆ ಎಂಬುದಕ್ಕೂ ಅಂಕವಿರಲಿ.

ಓದಿದವರಿರುವ ಮನೆಯ ಮಗು ಶಾಲೆಯಲ್ಲಿ ತಿಳಿಯದ್ದನ್ನು ಸಂಜೆ ಮನೆಯಲ್ಲಿ ಕೇಳಿ ತಿಳಿಯುತ್ತದೆ. ಮನೆಗೆ ಮೊದಲಿಗರಾಗಿ ಕಲಿಯಹೊರಟ ನಮ್ಮಂಥವರಿಗೆ ಶಾಲೆ ಬಿಟ್ಟರೆ ಬೇರೆ ಬಾಗಿಲಿಲ್ಲ. ಅಲ್ಲಿ ಕಾರಣ ಸಿಗದೆ ಬಾಯಿಪಾಠವೂ ಕೈಕೊಟ್ಟಾಗ, ಪಾಠದಲ್ಲಿ ಕೊರತೆಯಿದೆ ಎಂದು ಯಾವ ಮಗುವೂ ಎಣಿಸದು. ವಿಜ್ಞಾನ ನನ್ನ ತಲೆಗೆ ಹತ್ತದು ಎಂದೇ ತೀರ್ಮಾನಿಸುತ್ತದೆ. ಎಷ್ಟೋ ಜೀವನಗಳ ದಿಕ್ಕು ಆ ಒಂದು ತೀರ್ಮಾನದಿಂದ ಬದಲಾಗುತ್ತದೆ.

ಮಿತ್ರರೆ, ನಾಳೆ ನಮ್ಮಲ್ಲಿ ಕೆಲವರು ಉಪಾಧ್ಯಾಯರಾಗುವೆವು, ಬಹುಮಂದಿ ತಂದೆತಾಯಿಗಳಾಗುವೆವು. ನಾವು ಕಲಿಸುವುದು ಭಾಷೆಯೇ ಇರಲಿ, ಚರಿತ್ರೆಯೇ ಇರಲಿ, ಏಕೆ ಎಂದು ಕೇಳಿದ ಮಗುವಿಗೆ ಅದು ಹಾಗೆಯೇ ಎಂದು ಹೇಳಿ ಬಾಯಿಮುಚ್ಚಿಸದಿರೋಣ. ಗೊತ್ತಿಲ್ಲದಿದ್ದರೆ ಜೊತೆಗೂಡಿ ಹುಡುಕೋಣ. ಗುರುಹಿರಿಯರೂ ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ನನ್ನ ವಿನಮ್ರ ಬಿನ್ನಹ.