ಟ್ಯಾಂಕ್ ತೊಳೆಸಿದಿರಿ ಸರಿ, ಶವರ್ ಬಿಚ್ಚಿ ನೋಡಿದ್ದೀರಾ?

ಬೆಂಗಳೂರಿನ ಅಪಾರ್ಟ್‌ಮೆಂಟ್ ನಿವಾಸಿಗಳೇ, ಪಿ.ಜಿ., ಹಾಸ್ಟೆಲ್, ಲಾಡ್ಜ್ ನಡೆಸುವವರೇ,

ಇವತ್ತು ಮನೆಗೆ ಹೋದಮೇಲೆ ಬಚ್ಚಲಿನ ಶವರ್ ತಿರುಗಿಸಿ ಬಿಚ್ಚಿ. ಬೋರ್‌ವೆಲ್ ನೀರಾದರೆ ತೂತುಗಳ ಸುತ್ತ ಬಿಳಿ ಉಪ್ಪು ಗಟ್ಟಿಯಾಗಿ ಕೂತಿರುತ್ತದೆ. ಒಳಗೆ ಬೆರಳಾಡಿಸಿದರೆ ಕಪ್ಪಗಿನ ಲೋಳೆ ಹತ್ತಬಹುದು. ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೀಡುಬಿಡುವುದು ಇಂಥ ಲೋಳೆಯಲ್ಲೇ.

1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ‘ಅಮೆರಿಕನ್ ಲೀಜನ್’ ಎಂಬ ಮಾಜಿ ಸೈನಿಕರ ಸಂಘದ ಸಮಾವೇಶ ನಡೆಯಿತು. ಊರಿಗೆ ಮರಳಿದವರು ಒಬ್ಬೊಬ್ಬರಾಗಿ ನ್ಯುಮೋನಿಯಾದಿಂದ ಹಾಸಿಗೆ ಹಿಡಿದರು. ಅವರಲ್ಲಿ 29 ಮಂದಿ ತೀರಿಕೊಂಡರು. ಬ್ಯಾಕ್ಟೀರಿಯಾಕ್ಕೆ ಹೆಸರು ಬಂದದ್ದು ಹೀಗೆ. ನೀರಿನ ಸಣ್ಣ ಹನಿಗಳು ಉಸಿರಿನೊಂದಿಗೆ ಎದೆಗಿಳಿದರೆ ಈ ರೋಗ ಬರುತ್ತದೆ. ಅಡುಗೆಮನೆಯ ಆರ್‌ಒ ಯಂತ್ರ ಬಚ್ಚಲಲ್ಲಿ ನಿಮ್ಮನ್ನು ಕಾಯುವುದಿಲ್ಲ. ವಯಸ್ಸಾದವರು, ಸಿಗರೇಟು ಸೇದುವವರು, ಸಕ್ಕರೆ ಕಾಯಿಲೆಯವರು ಇನ್ನೂ ಜೋಪಾನ.

20ರಿಂದ 45 ಡಿಗ್ರಿಯ ನೀರು ಲೀಜಿಯೊನೆಲ್ಲಾಕ್ಕೆ ಹಿತ. ಎಂದರೆ ಮೋಡದ ದಿನ ನಮ್ಮ ಸೋಲಾರ್ ಕೊಡುವ ಉಗುರುಬೆಚ್ಚಗಿನ ನೀರು! ಸೋಲಾರ್ ಬೇಡವೆನ್ನುತ್ತಿಲ್ಲ. ಮಳೆಗಾಲದಲ್ಲಿ ಬ್ಯಾಕಪ್ ಕಾಯಿಲ್ ಹಾಕಿ ಸೋಲಾರ್ ಟ್ಯಾಂಕಿನ ನೀರನ್ನು 60 ಡಿಗ್ರಿಗೆ ಏರಿಸಿ. ಕರೆಂಟ್ ಬಿಲ್ ಬರುತ್ತದೆ, ಬರಲಿ. ಆದರೆ ಯಾರಿಗೇ ಆಗಲಿ, ಮಕ್ಕಳಿಗಂತೂ, ತಣ್ಣೀರು ಬೆರೆಸಿಯೇ ಹೊಯ್ಯಿರಿ.

“ಆರು ತಿಂಗಳಿಗೊಮ್ಮೆ ಟ್ಯಾಂಕ್ ತೊಳೆಸ್ತೀವಲ್ಲ ಸಾರ್” ಎನ್ನುವುದು ಅಪಾರ್ಟ್‌ಮೆಂಟ್ ಸಂಘದ ಸಭೆಗಳಲ್ಲಿ ಕೇಳುವ ಉತ್ತರ. ತೊಳೆಸಿ, ಒಳ್ಳೆಯದೇ. (ಮುಚ್ಚಿದ ಸಂಪಿಗೆ ಕೆಲಸದವರನ್ನು ಥಟ್ಟನೆ ಇಳಿಸಬೇಡಿ, ಉಸಿರುಗಟ್ಟಿ ಜೀವ ಹೋದದ್ದುಂಟು.) ಆದರೆ ತೊಳೆದ ಮರುದಿನವೇ ಟ್ಯಾಂಕರ್ ಬರುತ್ತದೆ. ಬೋರ್‌ವೆಲ್‌ನಿಂದ ನೇರ ತುಂಬಿಸಿ ತಂದ ನೀರಾದರೆ ಅದರಲ್ಲಿ ಕ್ಲೋರಿನ್ ಇರುವುದಿಲ್ಲ. ಲೋಳೆ ಮತ್ತೆ ಕಟ್ಟುತ್ತದೆ.

ಹಾಗಾಗಿ ಕ್ಲೋರಿನ್ ನೀವೇ ಬೆರೆಸಿ. ಸಾವಿರ ಲೀಟರಿಗೆ ಒಳ್ಳೆಯ ಬ್ಲೀಚಿಂಗ್ ಪೌಡರ್ ಸುಮಾರು ಎರಡೂವರೆ ಗ್ರಾಂ ಸಾಕು. ಹತ್ತು ಸಾವಿರ ಲೀಟರಿನ ಸಂಪಿಗೆ 25 ಗ್ರಾಂ. ಪುಡಿಯನ್ನು ನೇರ ಸುರಿಯಬೇಡಿ. ಬಕೆಟ್ಟಿನಲ್ಲಿ ಕಲಕಿ, ಸುಣ್ಣ ತಳಕ್ಕೆ ಕೂತಮೇಲೆ ತಿಳಿಯನ್ನಷ್ಟೇ ಸಂಪಿಗೆ ಹೊಯ್ಯಿರಿ. ಒಂದು ಗಂಟೆ ಬಿಟ್ಟು ಮೇಲಿನ ಟ್ಯಾಂಕಿಗೆ ಏರಿಸಿ. ಆಮೇಲೆ ಎಲ್ಲಕ್ಕಿಂತ ದೂರದ ನಲ್ಲಿಯ ನೀರು ಹಿಡಿದು ಕ್ಲೋರಿನ್ ಕಿಟ್ಟಿನಲ್ಲಿ ನೋಡಿ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕೆಂದು ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಹೇಳುತ್ತದೆ. ಸಂಪಿನಲ್ಲಿ ಇದ್ದು ಐದನೇ ಮಹಡಿಯಲ್ಲಿ ಇಲ್ಲದಿದ್ದರೆ ನಡುವಿನ ಟ್ಯಾಂಕೋ ಪೈಪೋ ಅದನ್ನು ತಿಂದಿದೆ ಎಂದು ತಿಳಿಯಿರಿ.

ನಿಂತ ನೀರೂ ಅಷ್ಟೇ ಕೆಟ್ಟದ್ದು. ಬೇಸಿಗೆ ರಜೆಗೆ ಊರಿಗೆ ಹೋಗಿ ಬಂದವರು ಬಂದ ಕೂಡಲೇ ಸ್ನಾನಕ್ಕೆ ನಿಲ್ಲಬೇಡಿ. ಶವರ್ ಬಿಚ್ಚಿಟ್ಟು, ಬಿಸಿ-ತಣ್ಣೀರಿನ ನಲ್ಲಿಗಳನ್ನು ಐದು ನಿಮಿಷ ಮೆಲ್ಲಗೆ ಹರಿಯಬಿಟ್ಟು ಹೊರಗಿರಿ. ಬಾಡಿಗೆಗೆ ಹೋಗದ ಫ್ಲ್ಯಾಟಿನ ನಲ್ಲಿಗಳನ್ನು ಕಾವಲುಗಾರರು ವಾರಕ್ಕೊಮ್ಮೆ ಬಿಡಲಿ. ನೀರಿನ ಬರದ ಊರಿನಲ್ಲಿ ಇದು ದುಂದೆನಿಸಿದರೆ ಬಕೆಟ್ಟಿನಲ್ಲಿ ಹಿಡಿದು ಗಿಡಕ್ಕೆ ಹಾಕಿ.

ನಮ್ಮ ಬೇಡಿಕೆ ದೊಡ್ಡದಲ್ಲ. ಲಿಫ್ಟಿನ ಪಕ್ಕ ಒಂದು ಪುಸ್ತಕ ತೂಗಿಹಾಕಿ. ವಾರಕ್ಕೊಮ್ಮೆ ದೂರದ ನಲ್ಲಿಯ ಕ್ಲೋರಿನ್ ಎಷ್ಟು, ಬಿಸಿನೀರು ಎಷ್ಟು ಡಿಗ್ರಿ ಎಂದು ಬರೆದು ಸಹಿ ಹಾಕಿ. ಮೇಂಟೆನೆನ್ಸ್ ಹಣ ಕಟ್ಟುವ ಪ್ರತಿಯೊಬ್ಬರಿಗೂ ಅದನ್ನು ನೋಡುವ ಹಕ್ಕಿದೆ. ಮುಂದಿನ ಸಭೆಗೆ ಈ ಬರಹ ಹಿಡಿದುಕೊಂಡು ಹೋಗಿ, ಕಳೆದ ವಾರದ ಕ್ಲೋರಿನ್ ಎಷ್ಟಿತ್ತು ಎಂದು ಎದ್ದು ನಿಂತು ಕೇಳಿ.