ಸ್ವಿಸ್ ಕನಸು, ಸಹ್ಯಾದ್ರಿಯ ಹಾದಿ

ಪುಣೆಯಲ್ಲಿ ಮೇ ತಿಂಗಳ ಯುರೋಪ್ ಟೂರಿನ ಬುಕಿಂಗ್ ದೀಪಾವಳಿ ಮುಗಿಯುತ್ತಲೇ ಬಿರುಸಾಗುತ್ತದೆ. ಮನೆಸಾಲ ತೀರಿ, ಮಕ್ಕಳು ಹಿಂಜವಡಿಯ ಕಂಪನಿಗಳಲ್ಲಿ ನೆಲೆ ಕಂಡು, ನಿವೃತ್ತಿಯ ಹಣ ಕೈಗೆ ಬಂದ ಮೇಲೆ ಇಲ್ಲಿನ ಮಧ್ಯಮವರ್ಗದ ಗಂಡ ಹೆಂಡಿರು ಕೂತು ಆಡುವ ಮಾತು ಅದೇ: ಒಮ್ಮೆ ಸ್ವಿಟ್ಜರ್ಲೆಂಡ್ ನೋಡಿ ಬಂದುಬಿಡೋಣ. ಉಡುಪಿ, ಕುಂದಾಪುರದ ಕಡೆಯಿಂದ ಬಂದು ಹೋಟೆಲು ನಡೆಸಿದವರು, ಧಾರವಾಡ, ವಿಜಯಪುರದಿಂದ ಬಂದು ಬ್ಯಾಂಕು, ಕಾರ್ಖಾನೆಗಳಲ್ಲಿ ದುಡಿದವರು, ಹೀಗೆ ಇಲ್ಲಿ ಬೇರೂರಿದ ಕನ್ನಡ ಕುಟುಂಬಗಳಿಗೂ ಈ ಆಸೆ ಇದೆ. ಇದರಲ್ಲಿ ತಪ್ಪೇನೂ ಇಲ್ಲ. ದುಡಿದ ಹಣದಲ್ಲಿ ದೂರದ ನಾಡು ನೋಡುವುದು ಒಳ್ಳೆಯದೇ. ಆದರೆ ಅಷ್ಟು ಖರ್ಚು ಮಾಡಿ ಹೋದವರು ಅಲ್ಲಿ ಏನು ನೋಡಿ ಬರುತ್ತಾರೆ, ಏನನ್ನು ನೋಡದೆ ಬರುತ್ತಾರೆ ಎಂದು ಕೇಳಲೇಬೇಕಾಗಿದೆ. ಏಕೆಂದರೆ ಪುಣೆಯೂ ಬೆಟ್ಟಸಾಲಿನ ಬುಡದಲ್ಲಿರುವ ಊರು. ಆ ಬೆಟ್ಟಗಳಿಗೆ ನೀರು, ಹಸಿರು ನೋಡಲು ಹೋದವರು ಮಳೆಗಾಲದಲ್ಲಿ ಸಾಯುತ್ತಿದ್ದಾರೆ.

ಸ್ವಿಟ್ಜರ್ಲೆಂಡಿನ ಕನಸು ನಮ್ಮವರ ಕಣ್ಣಿಗೆ ಬಂದದ್ದು ಸಿನಿಮಾ ಪರದೆಯಿಂದ. 1964ರ ‘ಸಂಗಮ್’ ಚಿತ್ರಕ್ಕಾಗಿ ರಾಜ್ ಕಪೂರ್ ಯುರೋಪಿಗೆ ಹೋದರು. 1989ರ ‘ಚಾಂದನಿ’ಯಲ್ಲಿ ಯಶ್ ಚೋಪ್ರಾ ಆಲ್ಪ್ಸ್ ಹುಲ್ಲುಗಾವಲುಗಳನ್ನು ತೋರಿಸಿದರು. ಅದೇ ಹೊತ್ತಿಗೆ ಕಾಶ್ಮೀರದಲ್ಲಿ ಬಂದೂಕಿನ ಸದ್ದು ಜೋರಾಗಿ ಅಲ್ಲಿ ಚಿತ್ರೀಕರಣ ನಿಂತುಹೋಯಿತು. ಹಿಂದಿ ಸಿನಿಮಾಕ್ಕೆ ಬೇಕಿದ್ದ ಹಿಮ, ಸರೋವರ, ದೇವದಾರುಗಳೆಲ್ಲ ಸ್ವಿಸ್ ನೆಲಕ್ಕೆ ವರ್ಗವಾದವು. 1995ರಲ್ಲಿ ‘ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ’ ಬಂದಮೇಲಂತೂ ಹೇಳುವುದೇ ಬೇಡ. ಇಂಟರ್‌ಲಾಕನ್ ಪಟ್ಟಣ 2016ರಲ್ಲಿ ಯಶ್ ಚೋಪ್ರಾ ಅವರ ಪ್ರತಿಮೆಯನ್ನೇ ನಿಲ್ಲಿಸಿತು. ಟಿಟ್ಲಿಸ್ ಬೆಟ್ಟದ ಮೇಲೆ ಶಾರುಖ್, ಕಾಜೋಲ್ ಕಟೌಟಿನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳದೆ ಇಳಿಯುವ ಭಾರತೀಯರು ಕಡಿಮೆ. 3,454 ಮೀಟರು ಎತ್ತರದ ಯುಂಗ್‌ಫ್ರೌಯೋಖ್‌ನಲ್ಲಿ ‘ಬಾಲಿವುಡ್’ ಹೆಸರಿನ ಭಾರತೀಯ ಹೋಟೆಲೇ ಇದೆ.

ಕನಸು ಹುಟ್ಟಿದ ಕಡೆ ವ್ಯಾಪಾರವೂ ಹುಟ್ಟುತ್ತದೆ. ನಮ್ಮ ದೇಶದ ದೊಡ್ಡ ಪ್ರವಾಸ ಕಂಪನಿಗಳಲ್ಲೊಂದಾದ ಎಸ್‌ಒಟಿಸಿಯನ್ನು 1996ರಲ್ಲಿ ಕೊಂಡದ್ದು ಸ್ವಿಟ್ಜರ್ಲೆಂಡಿನ ಕ್ಯೂವೋನಿ. ವೀಸಾ ಅರ್ಜಿ ತೆಗೆದುಕೊಳ್ಳುವ ವಿಎಫ್‌ಎಸ್ ಎಂಬ ವ್ಯವಸ್ಥೆ 2001ರಲ್ಲಿ ಮುಂಬೈಯಲ್ಲಿ ಹುಟ್ಟಿದ್ದು ಇದೇ ಕ್ಯೂವೋನಿಯ ಮಡಿಲಲ್ಲಿ. ಅಂದರೆ ಪ್ರವಾಸವನ್ನೂ, ಪ್ರವಾಸಕ್ಕೆ ಮೊದಲಿನ ಸರತಿ ಸಾಲನ್ನೂ ನಡೆಸಿದ್ದು ಒಂದೇ ಬಳಗ. ಆ ಸಾಲು ಇಂದು ಸಣ್ಣದಲ್ಲ. 2024ರಲ್ಲಿ ಭಾರತದಿಂದ ಯುರೋಪಿನ ಷೆಂಗನ್ ವೀಸಾಕ್ಕೆ 11 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಹೋದವು, ಸುಮಾರು 1.65 ಲಕ್ಷ ಅರ್ಜಿಗಳು ತಿರಸ್ಕೃತವಾದವು. ತಲಾ 90 ಯೂರೋ ಶುಲ್ಕ, ವೀಸಾ ಸಿಗದಿದ್ದರೂ ಮರಳಿ ಬರುವುದಿಲ್ಲ.

ಇಷ್ಟೆಲ್ಲ ದಾಟಿ ಹೋದವರ ದಿನಚರಿ ನೋಡಿ. ಬೆಳಿಗ್ಗೆ ರೈನ್ ಜಲಪಾತ, ರಾತ್ರಿಗೆ ಎಂಗೆಲ್‌ಬರ್ಗಿನ ಹೋಟೆಲು. ಮರುದಿನ ಟಿಟ್ಲಿಸ್, ಮಧ್ಯಾಹ್ನದ ಮೇಲೆ ಲುಸರ್ನ್‌ನಲ್ಲಿ ಸಿಂಹದ ಸ್ಮಾರಕ, ಮರದ ಸೇತುವೆ, ಗಡಿಯಾರ, ಚಾಕೊಲೇಟು. ಮೂರನೆಯ ದಿನ ಯುಂಗ್‌ಫ್ರೌಯೋಖ್. ನಾಲ್ಕನೆಯ ದಿನ ಬಸ್ಸು ಇಟಲಿಯ ದಿಕ್ಕಿಗೆ. ಗುಂಪಿನಲ್ಲಿ ಹೋಗುವವರನ್ನು ಹೀಗಳೆಯುವವರ ಜೊತೆ ನಾನಿಲ್ಲ. ಅರವತ್ತೈದು ದಾಟಿದ, ಇಂಗ್ಲಿಷೂ ಸರಾಗವಲ್ಲದ ದಂಪತಿಗೆ ಟೂರ್ ಲೀಡರ್ ಇರುವುದು, ರಾತ್ರಿ ಬಿಸಿ ಅನ್ನ-ಸಾರು ಸಿಗುವುದು ದೊಡ್ಡ ಆಸರೆ. ಆ ಆಸರೆ ಇಲ್ಲದಿದ್ದರೆ ಎಷ್ಟೋ ತಾಯಂದಿರು ದೇಶದ ಗಡಿ ದಾಟುತ್ತಲೇ ಇರಲಿಲ್ಲ. ನನ್ನ ತಕರಾರು ಬೇರೆ. ಬಾಡಿಗೆ ಬಸ್ಸು ಪ್ರವಾಸಿಯನ್ನು ಒಂದು ಚಿತ್ರದಿಂದ ಇನ್ನೊಂದು ಚಿತ್ರಕ್ಕೆ ಒಯ್ಯುತ್ತದೆ. ಆ ದೇಶವನ್ನು ನಡೆಸುವ ವ್ಯವಸ್ಥೆ ಎರಡು ಚಿತ್ರಗಳ ನಡುವೆ ಇದೆ. ಅದನ್ನು ಕಾಣಲು ಒಂದೆರಡು ದಿನವಾದರೂ ಬಸ್ಸಿನಿಂದ ಇಳಿಯಬೇಕು.

ಇಳಿದರೆ ಮೊದಲು ಕಾಣುವುದು ಹಳದಿ ಫಲಕ. ಲೌಟರ್‌ಬ್ರುನ್ನನ್ ಕಣಿವೆಯಿರಲಿ, ಯಾವುದೋ ಹಳ್ಳಿಯ ರೈಲು ನಿಲ್ದಾಣವಿರಲಿ, ಕಾಲುದಾರಿ ಶುರುವಾಗುವಲ್ಲಿ ಬಾಣದಾಕಾರದ ಹಳದಿ ಹಲಗೆ ಇರುತ್ತದೆ. ಅದರ ಮೇಲೆ ಊರಿನ ಹೆಸರು, ಎದುರಿಗೆ ಗಂಟೆ, ನಿಮಿಷ. ಎಷ್ಟು ಕಿಲೋಮೀಟರು ಎಂದು ಬರೆದಿರುವುದಿಲ್ಲ, ಏಕೆಂದರೆ ಬೆಟ್ಟ ಹತ್ತುವವನಿಗೆ ದೂರಕ್ಕಿಂತ ಹೊತ್ತು ಮುಖ್ಯ. ನಿಂತ ಜಾಗದ ಎತ್ತರವೂ ಅಲ್ಲೇ ಬರೆದಿರುತ್ತದೆ. ಬರೀ ಹಳದಿ ಇದ್ದರೆ ಯಾರು ಬೇಕಾದರೂ ನಡೆಯಬಹುದಾದ ದಾರಿ. ಬಿಳಿ-ಕೆಂಪು-ಬಿಳಿ ಪಟ್ಟಿ ಕಂಡರೆ ಅದು ಕಡಿದಾದ ಬೆಟ್ಟದ ಹಾದಿ, ಗಟ್ಟಿ ಬೂಟು ಬೇಕು. ಬಿಳಿ-ನೀಲಿ-ಬಿಳಿ ಇದ್ದರೆ ಪಳಗಿದವರು ಮಾತ್ರ ಕಾಲಿಡಬೇಕು. ಇಂಥ ಗುರುತು ಹಾಕಿದ ಕಾಲುದಾರಿ ಆ ಪುಟ್ಟ ದೇಶದಲ್ಲಿ 65,000 ಕಿಲೋಮೀಟರು ಇದೆ. 1979ರಲ್ಲಿ ಜನರ ಮತ ಪಡೆದು ಕಾಲುದಾರಿಗಳ ರಕ್ಷಣೆಯನ್ನು ಸಂವಿಧಾನದಲ್ಲೇ ಸೇರಿಸಿಕೊಂಡರು. ನಡೆಯುವ ದಾರಿಯನ್ನು ಸಂವಿಧಾನಕ್ಕೆ ಏರಿಸುವಷ್ಟು ಗಂಭೀರವಾಗಿ ತೆಗೆದುಕೊಂಡ ಜನ ಅವರು.

ರೈಲು, ಬಸ್ಸಿನ ವಿಷಯವೂ ಹೀಗೆಯೇ. 1871ರಲ್ಲಿ ರೀಗಿ ಬೆಟ್ಟಕ್ಕೆ ಹಲ್ಲುಹಳಿಯ ರೈಲು ಹತ್ತಿತು, ಯುರೋಪಿನಲ್ಲಿ ಅದೇ ಮೊದಲು. 1896ರಲ್ಲಿ ಕಾಮಗಾರಿ ಶುರುವಾದ ಯುಂಗ್‌ಫ್ರೌ ರೈಲು ಐಗರ್ ಬೆಟ್ಟದ ಹೊಟ್ಟೆ ಕೊರೆದು ಮೇಲೆ ತಲುಪಲು 16 ವರ್ಷ ಬೇಕಾಯಿತು. ಇವು ಎಲ್ಲರಿಗೂ ಗೊತ್ತಿರುವ ಸಾಹಸಗಳು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 1982ರಲ್ಲಿ ಇಡೀ ದೇಶಕ್ಕೆ ಜಾರಿಯಾದ ವೇಳಾಪಟ್ಟಿ. ಪ್ರತಿ ಗಂಟೆ ಅದೇ ನಿಮಿಷಕ್ಕೆ ರೈಲು. ರೈಲು ಬಂದು ನಿಲ್ಲುವ ಹೊತ್ತಿಗೆ ಹೊರಗೆ ಹಳದಿ ಅಂಚೆ ಬಸ್ಸು ಸಿದ್ಧ. ಬಸ್ಸು ಮುಟ್ಟುವ ಕೊನೆಯ ಹಳ್ಳಿಯಲ್ಲಿ ಕೇಬಲ್ ಕಾರು ಅಥವಾ ಕಾಲುದಾರಿ. ವೆಂಗನ್, ಮ್ಯೂರನ್, ಜೆರ್ಮಾಟ್ ಊರುಗಳಿಗೆ ಪ್ರವಾಸಿಯ ಕಾರು ಹೋಗುವಂತೆಯೇ ಇಲ್ಲ. ಆದರೂ ಮುದುಕರು, ಮಕ್ಕಳು, ಗಾಲಿಕುರ್ಚಿಯವರು ಅಲ್ಲಿಗೆ ತಲುಪುತ್ತಾರೆ. ಸ್ವಿಸ್ ಟ್ರಾವೆಲ್ ಪಾಸ್ ಎಂಬ ಒಂದೇ ಟಿಕೆಟ್ಟಿನಲ್ಲಿ ರೈಲು, ಬಸ್ಸು, ದೋಣಿ ಎಲ್ಲ ಹತ್ತಬಹುದು.

ಇಲ್ಲಿ ಕನ್ನಡಿಗರಿಗೆ ಮಾತ್ರ ಸಲ್ಲುವ ಒಂದು ಮಾತನ್ನೂ ಹೇಳಬೇಕು. ಪ್ಯಾಕೇಜುಗಳಲ್ಲಿ ಅಷ್ಟಾಗಿ ಕಾಣಿಸದ ಬಾಸೆಲ್ ನಗರ ನಮ್ಮ ಪಟ್ಟಿಯಲ್ಲಿ ಮೊದಲಿರಬೇಕಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಊರು ಅದು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಮೋಗ್ಲಿಂಗ್, 1894ರಲ್ಲಿ ನಿಘಂಟು ಕೊಟ್ಟ ಕಿಟೆಲ್ ಇಬ್ಬರೂ ಜರ್ಮನರು, ಆದರೆ ಅವರನ್ನು ಇಲ್ಲಿಗೆ ಕಳಿಸಿದ್ದು ಆ ಮಿಷನ್. ಮಂಗಳೂರು ಹೆಂಚಿನ ಕಾರ್ಖಾನೆ ಶುರುಮಾಡಿದ್ದೂ ಅದೇ ಮಿಷನ್. ಕರಾವಳಿ, ಕೊಡಗು, ಧಾರವಾಡದ ನೂರು ನೂರೈವತ್ತು ವರ್ಷ ಹಿಂದಿನ ಫೋಟೋಗಳು ಅಲ್ಲಿನ ಮಿಷನ್ ದಾಖಲಾಲಯದಲ್ಲಿ ಜೋಪಾನವಾಗಿವೆ. ಪುಣೆಯಲ್ಲಿ ಹೋಟೆಲು ಕಟ್ಟಿದ ಎಷ್ಟೋ ಮನೆತನಗಳ ಊರಮನೆಗೆ ಹೊದಿಸಿದ್ದು ಅದೇ ಬಗೆಯ ಹೆಂಚು. ಜೂರಿಕ್‌ನಿಂದ ಬಾಸೆಲಿಗೆ ರೈಲಿನಲ್ಲಿ ಒಂದು ಗಂಟೆಯ ದಾರಿ. ಅರ್ಧ ದಿನದ ಚಾಕೊಲೇಟು ಖರೀದಿಯನ್ನು ಬಿಟ್ಟರೂ ಸಾಕು, ಹೋಗಿ ಬರಬಹುದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 2025ರ ಮೇ 28ರಂದು ಸ್ವಿಟ್ಜರ್ಲೆಂಡಿನ ಬ್ಲಾಟನ್ ಎಂಬ ಹಳ್ಳಿಯ ಮೇಲೆ ಹಿಮನದಿ ಕುಸಿದು ಬಿತ್ತು. ಕಲ್ಲು, ಮಂಜು, ಕೆಸರಿನಡಿ ಹಳ್ಳಿಯ ಬಹುಪಾಲು ಹೂತುಹೋಯಿತು. ಆದರೆ ಮೇಲಿನ ಬೆಟ್ಟ ಸರಿಯುತ್ತಿರುವುದನ್ನು ತಜ್ಞರು ಮೊದಲೇ ಗುರುತಿಸಿದ್ದರು. ಸುಮಾರು 300 ಜನರ ಆ ಊರನ್ನು ಒಂಬತ್ತು ದಿನ ಮೊದಲೇ, ಮೇ 19ಕ್ಕೆ, ಪೂರ್ತಿ ತೆರವು ಮಾಡಿಸಿದ್ದರು. ಗಾಯಗೊಂಡ ಹಸುವೊಂದನ್ನು ಹೆಲಿಕಾಪ್ಟರಿಗೆ ಕಟ್ಟಿ ಸಾಗಿಸಿದ ಚಿತ್ರ ಲೋಕವೆಲ್ಲ ನೋಡಿತು. ಊರು ಹೋಯಿತು, ಸತ್ತದ್ದು ಒಬ್ಬರು.

ಅದಾಗಿ ಮೂರು ವಾರ ತುಂಬುವುದರೊಳಗೆ, ಜೂನ್ 15ರ ಭಾನುವಾರ, ಪುಣೆಯ ಪಕ್ಕದ ಮಾವಳ ತಾಲ್ಲೂಕಿನ ಕುಂಡಮಳಾದಲ್ಲಿ ಇಂದ್ರಾಯಣಿ ನದಿಯ ಹಳೆಯ ಕಬ್ಬಿಣದ ಸೇತುವೆ ಕುಸಿಯಿತು. ಮಳೆ ನೋಡಲು ಬಂದ ಜನ ಅದರ ಮೇಲೆ ಕಿಕ್ಕಿರಿದಿದ್ದರು. ನಾಲ್ವರು ಸತ್ತರು, ಹತ್ತಾರು ಜನ ಗಾಯಗೊಂಡರು. ಸೇತುವೆ ದುರ್ಬಲವಾಗಿದೆ ಎಂಬುದು ಯಾರಿಗೂ ಗೊತ್ತಿಲ್ಲದ ಗುಟ್ಟೇನೂ ಆಗಿರಲಿಲ್ಲ. ಅದಕ್ಕೆ ಒಂದು ವರ್ಷ ಮೊದಲು, 2024ರ ಜೂನ್ 30ರಂದು, ಲೋಣಾವಳಾದ ಭುಶಿ ಅಣೆಕಟ್ಟೆಯ ಬಳಿ ಒಂದೇ ಕುಟುಂಬದ ಐವರು ನೀರಿನಲ್ಲಿ ಕೊಚ್ಚಿಹೋಗಿದ್ದರು. ಇನ್ನೂ ಹಿಂದೆ ಹೋದರೆ 2014ರ ಜುಲೈ 30. ಪುಣೆ ಜಿಲ್ಲೆಯದೇ ಅಂಬೇಗಾಂವ ತಾಲ್ಲೂಕಿನ ಮಾಳೀಣ ಎಂಬ ಹಳ್ಳಿಯ ಮೇಲೆ ಗುಡ್ಡ ಜಾರಿ ಸುಮಾರು 150 ಜನ ಮಣ್ಣಾದರು. ಹೊರಜಗತ್ತಿಗೆ ಸುದ್ದಿ ಮುಟ್ಟಿಸಿದ್ದು ಆ ದಾರಿಯಲ್ಲಿ ಬಂದ ರಾಜ್ಯ ಸಾರಿಗೆಯ (ಎಸ್‌ಟಿ) ಬಸ್ಸಿನ ಚಾಲಕ. ದಿನವೂ ಕಾಣುತ್ತಿದ್ದ ಊರು ಅಂದು ಅಲ್ಲಿ ಇರಲಿಲ್ಲ. ಒಂದು ಕಡೆ ಒಂಬತ್ತು ದಿನ ಮೊದಲೇ ತಿಳಿಯಿತು, ಇನ್ನೊಂದು ಕಡೆ ಆದಮೇಲೆ ಬಸ್ಸಿನವನಿಗೆ ತಿಳಿಯಿತು. ಪುಣೆಯಿಂದ ಸ್ವಿಟ್ಜರ್ಲೆಂಡಿಗೆ ಹೋಗುವ ಪ್ರತಿಯೊಬ್ಬರೂ ಅಲ್ಲಿ ಕಣ್ಣಾರೆ ನೋಡಿ ಬರಬೇಕಾದದ್ದು ಈ ಅಂತರವನ್ನು.

ಅವರು ಹುಟ್ಟಾ ಶಿಸ್ತಿನವರು, ನಮ್ಮ ಜನ ಹೀಗೆಯೇ ಎಂದು ಕೈಚೆಲ್ಲುವವರಿದ್ದಾರೆ. ಅದು ಸುಳ್ಳು. 2026ರ ಹೊಸವರ್ಷದ ರಾತ್ರಿ ಸ್ವಿಟ್ಜರ್ಲೆಂಡಿನದೇ ಕ್ರಾನ್ಸ್-ಮೊಂಟಾನಾದ ಬಾರೊಂದರಲ್ಲಿ ಬೆಂಕಿ ಬಿದ್ದು ಸುಮಾರು 40 ಜನ ಸತ್ತರು. ವರ್ಷಗಳಿಂದ ಅಲ್ಲಿ ಸುರಕ್ಷತಾ ತಪಾಸಣೆಯೇ ನಡೆದಿರಲಿಲ್ಲ ಎಂದು ಸ್ಥಳೀಯ ಆಡಳಿತವೇ ಒಪ್ಪಿಕೊಂಡಿತು. ಕಣ್ಣಿಟ್ಟು ಕಾದ ಕಡೆ ಜೀವ ಉಳಿಯಿತು, ಕಾಯದ ಕಡೆ ಹೋಯಿತು. ರಕ್ತಗುಣದ ಮಾತು ಇಲ್ಲಿ ಸಲ್ಲದು.

ನಮಗೂ ಇದು ಬಾರದ ವಿದ್ಯೆಯಲ್ಲ. ಪುಣೆ-ಮುಂಬೈ ನಡುವಿನ ಭೋರ್ ಘಾಟಿಗೆ 1863ರಲ್ಲೇ ರೈಲು ಹತ್ತಿತ್ತು, ರೀಗಿಗಿಂತ ಎಂಟು ವರ್ಷ ಮೊದಲು. ನೀಲಗಿರಿಯ ರೈಲು ಹತ್ತುವುದು ಸ್ವಿಸ್ ಎಂಜಿನಿಯರ್ ರೋಮನ್ ಆಬ್ಟ್ ರೂಪಿಸಿದ ಹಲ್ಲುಹಳಿಯ ಮೇಲೆ. ಮಾಥೇರಾನಿಗೆ 1907ರಿಂದ ಪುಟಾಣಿ ರೈಲಿದೆ. ಊರೊಳಗೆ ಪ್ರವಾಸಿಗರ ಕಾರಿಗೆ ಪ್ರವೇಶವಿಲ್ಲ. ಕಾಸ್ ಪ್ರಸ್ಥಭೂಮಿಯಲ್ಲಿ ಹೂವಿನ ಕಾಲಕ್ಕೆ ಇಂತಿಷ್ಟೇ ಜನ ಎಂಬ ಮಿತಿ ಇದೆ. ಕರ್ನಾಟಕದಲ್ಲಿಯೂ 2024ರ ಜನವರಿಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಜಾತ್ರೆಯಂತೆ ಜನ ಸೇರಿದ ಚಿತ್ರ ಹರಿದಾಡಿದ ಮೇಲೆ ಚಾರಣಕ್ಕೆ ಆನ್‌ಲೈನ್ ನೋಂದಣಿ ಬಂತು, ಮುಳ್ಳಯ್ಯನಗಿರಿಯ ವಾಹನಗಳಿಗೂ ಬಂತು. ಆದರೆ ಹೆಚ್ಚಿನ ಕಡೆ ನಮ್ಮ ಆಡಳಿತಕ್ಕೆ ತಿಳಿದಿರುವುದು ಒಂದೇ ಮದ್ದು: ಅನಾಹುತವಾದ ಮರುದಿನ ನಿಷೇಧಾಜ್ಞೆ. ಭುಶಿ ದುರಂತದ ನಂತರವೂ ಅದೇ ಆಯಿತು. ಮುಂದಿನ ಮಳೆಗಾಲಕ್ಕೆ ಜನ ಕುಂಡಮಳಾಕ್ಕೆ ಹೋದರು. ನೀರು, ಬೆಟ್ಟ ನೋಡಬೇಕೆಂಬ ಆಸೆಯನ್ನು ಆಜ್ಞೆಯಿಂದ ತಡೆಯಲಾಗದು. ವಿದೇಶಕ್ಕೆ ಹೋಗಲು ಹಣವಿಲ್ಲದವನಿಗೆ ಭಾನುವಾರದ ಲೋಣಾವಳಾವೇ ಸ್ವಿಟ್ಜರ್ಲೆಂಡ್. ಅವನ ಜೀವಕ್ಕೂ ಅಷ್ಟೇ ಬೆಲೆಯಿದೆ.

ಒಂದು ಕಡೆಯಿಂದ ಶುರುಮಾಡಬಹುದು. 2025ರ ಜುಲೈ 11ರಂದು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ 12 ಮರಾಠಾ ಕೋಟೆಗಳಲ್ಲಿ ಶಿವನೇರಿ, ಲೋಹಗಡ, ರಾಜಗಡ ಮೂರೂ ಪುಣೆ ಜಿಲ್ಲೆಯವು. ಪುಣೆ-ಲೋಣಾವಳಾ ಲೋಕಲ್ ರೈಲಿನಲ್ಲಿ ಮಳವಲಿ ಸ್ಟೇಷನ್ನಿಗೆ ಇಳಿದರೆ ಭಾಜೆ ಗುಹೆಗಳ ಪಕ್ಕದಿಂದ ನಡೆದೇ ಲೋಹಗಡ ಏರಬಹುದು. ರೈಲಿದೆ, ಹಾದಿಯಿದೆ, ಎರಡು ಸಾವಿರ ವರ್ಷದ ಗುಹೆಗಳಿವೆ, ಕೋಟೆಯಿದೆ. ಆದರೂ ಶನಿವಾರ, ಭಾನುವಾರ ಜನ ಕಾರಿನಲ್ಲೇ ಬಂದು ಘಾಟಿನ ಕಿರಿದಾದ ರಸ್ತೆಯಲ್ಲಿ ಗಂಟೆಗಟ್ಟಲೆ ಸಿಕ್ಕಿಬೀಳುತ್ತಾರೆ. ಸ್ಟೇಷನ್ನಿನಿಂದ ಕೋಟೆಯ ಬಾಗಿಲತನಕ ನಡಿಗೆಯ ಹೊತ್ತು ಬರೆದ ಫಲಕಗಳು, ಮಳೆಯಲ್ಲಿ ಯಾವ ತಿರುವಿನಾಚೆ ಹೋಗಬಾರದೆಂಬ ಬಣ್ಣದ ಗುರುತು, ರೈಲಿನ ವೇಳೆಗೆ ಹೊಂದಿಸಿದ ಬಸ್ಸು: ಇವಕ್ಕೆ ಸಾವಿರಾರು ಕೋಟಿ ಬೇಡ. ಅದರ ಜೊತೆಗೆ ಮಾಳೀಣದಂಥ ಇಳಿಜಾರಿನ ಹಳ್ಳಿಗಳ ಮೇಲೆ ಮಳೆಗಾಲವಿಡೀ ಕಣ್ಣಿಡುವ ಭೂವಿಜ್ಞಾನಿಗಳು ಬೇಕು. ಅವರು ಎಚ್ಚರಿಸಿದ ದಿನವೇ ಊರು ಖಾಲಿ ಮಾಡಿಸುವ ಅಧಿಕಾರ ತಹಸೀಲ್ದಾರರ ಕೈಯಲ್ಲಿರಬೇಕು. 2024ರ ಜುಲೈನಲ್ಲಿ ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದನ್ನು ಕಂಡ ಕರ್ನಾಟಕಕ್ಕೂ ಈ ಮಾತು ಹೊಂದುತ್ತದೆ.

ಆಡಳಿತ ತಾನಾಗಿ ಏಳುವುದಿಲ್ಲ, ಕೇಳುವವರು ಬೇಕು. ಹಾಗೆ ಕೇಳುವ ಶಕ್ತಿ ಪುಣೆಯ ಈ ಪ್ರವಾಸಿ ವರ್ಗಕ್ಕಿದೆ. ಇವರು ತೆರಿಗೆ ಕಟ್ಟುವವರು, ಪತ್ರಿಕೆ ಓದುವವರು, ವಸತಿ ಸಂಘಗಳನ್ನು ನಡೆಸುವವರು, ಕಾರ್ಪೊರೇಟರನ್ನು ಮನೆಗೆ ಕರೆಸಿ ಮಾತಾಡಬಲ್ಲವರು. ಈ ಬೇಸಿಗೆಯಲ್ಲಿ ಸ್ವಿಟ್ಜರ್ಲೆಂಡಿಗೆ ಹೊರಟವರಲ್ಲಿ ನನ್ನದೊಂದು ಕೋರಿಕೆ. ಟಿಟ್ಲಿಸ್ ಕಟೌಟಿನ ಜೊತೆ ಫೋಟೋ ತೆಗೆಸಿಕೊಳ್ಳಿ, ಸಂತೋಷ. ಜೊತೆಗೆ ಕಾಲುದಾರಿಯ ಹಳದಿ ಫಲಕವೊಂದರ, ಹಳ್ಳಿಯ ಬಸ್‌ನಿಲ್ದಾಣದಲ್ಲಿ ಅಂಟಿಸಿದ ವೇಳಾಪಟ್ಟಿಯೊಂದರ ಫೋಟೋವನ್ನೂ ತೆಗೆಯಿರಿ. ಊರಿಗೆ ಬಂದ ಮೇಲೆ ಅವೆರಡನ್ನೂ, ಮಳವಲಿಯಿಂದ ಲೋಹಗಡಕ್ಕೆ ಇಂಥದ್ದು ಯಾವಾಗ ಎಂಬ ಒಂದು ಸಾಲಿನ ಪ್ರಶ್ನೆಯೊಂದಿಗೆ, ಪುಣೆಯ ಜಿಲ್ಲಾಧಿಕಾರಿಗೂ ನಿಮ್ಮ ಶಾಸಕರಿಗೂ ಕಳುಹಿಸಿ. ಜೂನ್ ಮಳೆ ಹಿಡಿಯುವ ಮೊದಲೇ ಕಳುಹಿಸಿ.